ಎರಡು ಸಾಲಿನ ಮಾತ್ರೆ: ಮಲ್ಪೆ ರಸ್ತೆಯ ಒಂದು ಪ್ರಕರಣ

ನನ್ನ ಔಷಧ ಅಂಗಡಿ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯಲ್ಲಿದೆ. 22 ವರ್ಷಗಳಿಂದ ಅದೇ ಗಾಜಿನ ಕೌಂಟರಿನ ಹಿಂದೆ ನಿಂತಿದ್ದೇನೆ. ಈ ಅವಧಿಯಲ್ಲಿ ನನ್ನ ಕೈಯಿಂದಾದ ಒಂದು ತಪ್ಪನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ರೋಗಿ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾತ್ರೆಯ ಲೆಕ್ಕವನ್ನಾಗಲಿ ನನ್ನ ಪಾಲನ್ನಾಗಲಿ ಬದಲಿಸಿಲ್ಲ. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ರೋಗಿಯನ್ನು ಅಕ್ಕ ಎಂದೇ ಬರೆಯುತ್ತೇನೆ, ಅಂಗಡಿಯಲ್ಲಿ ಕರೆಯುವುದೂ ಹಾಗೆಯೇ. ವಯಸ್ಸು 51, ತೂಕ 50 ಕಿಲೋ ಆಸುಪಾಸು. ನಸುಕಿನಲ್ಲಿ ಬಂದರಿಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಮನೆಮನೆಗೆ ಮಾರುವುದು ಅವರ ಕಸುಬು. 19ನೆಯ ವಯಸ್ಸಿನಲ್ಲಿ ಮೊದಲ ಬಾರಿ ಫಿಟ್ಸ್ ಬಂದಿತ್ತು. ಕೆಲವು ವರ್ಷ ಬರೀ ಫೀನೋಬಾರ್ಬಿಟೋನ್ ಮಾತ್ರೆ ತೆಗೆದುಕೊಂಡರು. ಅದು ಸಾಲದೆ ಬಂದಾಗ ವೈದ್ಯರು ಜೋಡಿ ಮಾತ್ರೆಗೆ ಹಾಕಿದರು: ಒಂದೇ ಗುಳಿಗೆಯಲ್ಲಿ ಫೆನಿಟಾಯಿನ್ 100 ಮಿಲಿಗ್ರಾಂ, ಫೀನೋಬಾರ್ಬಿಟೋನ್ 50 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು. ಕೊನೆಯ ಫಿಟ್ಸ್ ಬಂದು 12 ವರ್ಷ ಕಳೆದಿತ್ತು. ಚೀಟಿಯೂ ಹೆಚ್ಚು ಕಡಿಮೆ ಅಷ್ಟೇ ಹಳೆಯದು. ಮಡಿಕೆಯಲ್ಲಿ ಹರಿದು, ಟೇಪು ಅಂಟಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಅಷ್ಟು ಹಳೆಯ ಚೀಟಿಗೆ ಮಾತ್ರೆ ಕೊಡುತ್ತಾ ಬಂದದ್ದೇ ನನ್ನ ಮೊದಲ ತಪ್ಪು. ಮನುಷ್ಯ ಗುರುತಾದ ಮೇಲೆ ಚೀಟಿಯನ್ನು ಯಾರೂ ಓದುವುದಿಲ್ಲ.

ಜುಲೈ ಮಧ್ಯಭಾಗ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆಯಲ್ಲಿ ಹಣ ಓಡಾಡುವುದಿಲ್ಲ. ತಿಂಗಳ ಮಾತ್ರೆಯನ್ನು ಒಟ್ಟಿಗೆ ಒಯ್ಯುವವರು ಹತ್ತು ಹತ್ತಾಗಿ ಒಯ್ಯುತ್ತಾರೆ. ಅಕ್ಕನೂ ಹಾಗೆಯೇ, ಐದು ದಿನಕ್ಕೊಮ್ಮೆ ಬರುತ್ತಿದ್ದರು. ಹತ್ತು ಮಾತ್ರೆಗೆ ಹೋಟೆಲಿನ ಒಂದು ಪ್ಲೇಟ್ ಬನ್ಸು, ಚಹಾದಷ್ಟು ಬೆಲೆ. ಇಷ್ಟು ಅಗ್ಗದ, ಇಷ್ಟು ಹಳೆಯ ಮಾತ್ರೆಯನ್ನು ಹೊಗಳಿಕೊಂಡು ಯಾವ ಕಂಪನಿಯ ಪ್ರತಿನಿಧಿಯೂ ಬ್ಯಾಗು ಹಿಡಿದು ಬರುವುದಿಲ್ಲ. ಸ್ಟಾಕಿಸ್ಟರೂ ಅದನ್ನು ಲೆಕ್ಕ ಹಾಕಿ ತರಿಸುತ್ತಾರೆ.

ಆ ದಿನ ಮಾತ್ರೆ ಮುಗಿದಿತ್ತು. ಸ್ಟಾಕಿಸ್ಟರಿಗೆ ಫೋನ್ ಮಾಡಿದೆ. "ಈ ತಿಂಗಳು ಬರಲಿಲ್ಲ, ಮುಂದಿನ ವಾರ ನೋಡುವಾ" ಎಂದರು. ಹೊರಗೆ ಮಳೆ. ಅಕ್ಕ ಗೊರಬು ಹೊದ್ದ ಕಾಲದವರಲ್ಲ, ಆದರೂ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿದ್ದರು. ಹಿಂದೆ ಇನ್ನೂ ಮೂವರು ಗಿರಾಕಿಗಳು. ಕಪಾಟಿನಲ್ಲಿ ಫೆನಿಟಾಯಿನ್ 100 ಇತ್ತು. ಮೂರು ಸ್ಟ್ರಿಪ್ ತೆಗೆದು ಕೊಟ್ಟೆ. "ಒಂದೇ ಮಾತ್ರೆ ಅಕ್ಕ, ಕಂಪನಿ ಬೇರೆ" ಎಂದೆ.

ಆ ವಾಕ್ಯ ಈಗಲೂ ಕಿವಿಯಲ್ಲಿದೆ. ಹೇಳುವಾಗ ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಯಾರಾದರೂ ನಿಲ್ಲಿಸಿ ಕೇಳಿದ್ದರೆ ಎರಡರ ವ್ಯತ್ಯಾಸವನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ಜೋಡಿ ಮಾತ್ರೆಯ ಹೆಸರು ಹೇಳಿದಾಗ ನನ್ನ ತಲೆಗೆ ಬಂದದ್ದು ಮುಂದೆ ನಿಂತ ಫೆನಿಟಾಯಿನ್. ಅದರ ಹಿಂದೆ ನಿಂತ ಫೀನೋಬಾರ್ಬಿಟೋನಿನ ನೆನಪಾಗಲಿಲ್ಲ. ಕಾನೂನು ಈ ವಿಷಯದಲ್ಲಿ ತೀರ ಸ್ಪಷ್ಟ. 1945ರ ಔಷಧ ನಿಯಮಗಳ 65ನೆಯ ನಿಯಮದ ಪ್ರಕಾರ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ಗೆ ಸೇರಿದ ಔಷಧವಿರುವ ಚೀಟಿಗೆ ಬದಲಿಯಾಗಿ ಬೇರೆ ತಯಾರಿಕೆಯನ್ನು ಕೊಡುವಂತಿಲ್ಲ, ಅದರಲ್ಲಿ ಅದೇ ಔಷಧವಿದ್ದರೂ ಸರಿಯೇ, ಇಲ್ಲದಿದ್ದರೂ ಸರಿಯೇ. ಡಿಪ್ಲೊಮಾ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವನು ನಾನು.

ಹನ್ನೊಂದು ದಿನ

ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವ ಭಾಗ ಮೊದಲ ವಾರ. ಅಕ್ಕ ಚೇತರಿಸಿಕೊಂಡಂತೆ ಕಂಡರು! ನಾಲ್ಕೈದು ದಿನದ ಮೇಲೆ ಶೀತದ ಮಾತ್ರೆಗೆಂದು ಬಂದವರು, "ಅಣ್ಣ, ಈ ಹೊಸ ಮಾತ್ರೆ ಒಳ್ಳೆಯದುಂಟು. ಬೆಳಿಗ್ಗೆ ತಲೆ ಹಗುರ ಇರುತ್ತದೆ, ತೂಕಡಿಕೆ ಇಲ್ಲ" ಎಂದರು. ನಾನು ನಕ್ಕೆ. 30 ವರ್ಷಕ್ಕೂ ಮೇಲೆ ಪ್ರತಿದಿನ ಬಾರ್ಬಿಟುರೇಟಿನ, ಅಂದರೆ ಫೀನೋಬಾರ್ಬಿಟೋನ್ ಸೇರಿದ ಗುಂಪಿನ ಔಷಧದ, ಮಂಪರಿನಲ್ಲಿ ಬದುಕಿದವರಿಗೆ ಆ ಮಂಪರೇ ತಮ್ಮ ಸ್ವಭಾವ ಎನಿಸಿಬಿಟ್ಟಿರುತ್ತದೆ. ಅದು ಸರಿದಾಗ ಹಗುರವಾಗುವುದು ಸಹಜ. ನನಗೆ ಅಲ್ಲಿಯೇ ಗಂಟೆ ಬಾರಿಸಬೇಕಿತ್ತು: ಒಂದೇ ಮಾತ್ರೆ, ಕಂಪನಿ ಮಾತ್ರ ಬೇರೆಯಾಗಿದ್ದರೆ ತೂಕಡಿಕೆ ಏಕೆ ಹೋಗಬೇಕು?

ಏಳನೆಯ ದಿನದ ಹೊತ್ತಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎಂಟನೆಯ ದಿನ ಕೈ ನಡುಗಿ ಗಂಜಿಯ ಬಟ್ಟಲು ಚೆಲ್ಲಿತು. ಮಗ ಗದರಿದ ಎಂದು ಅತ್ತರಂತೆ, ಸುಲಭಕ್ಕೆ ಅಳುವ ಹೆಂಗಸಲ್ಲ ಅವರು. ಮಗ ಟ್ರಾಲರ್ ದೋಣಿಯಲ್ಲಿ ದುಡಿಯುವವನು, ರಜೆಯ ತಿಂಗಳಾದ್ದರಿಂದ ಮನೆಯಲ್ಲೇ ಇದ್ದ. ಈ ವಿವರಗಳೆಲ್ಲ ಆಮೇಲೆ ಅವನಿಂದ ತಿಳಿದದ್ದು.

ಒಂಬತ್ತನೆಯ ದಿನ ಆಟಿ ಅಮಾವಾಸ್ಯೆ, ತುಳುನಾಡಿನಲ್ಲಿ ಹಾಳೆ ಮರದ ಕಷಾಯ ಕುಡಿಯುವ ದಿನ. ನಸುಕಿನಲ್ಲಿ ಮಗನೇ ಹೋಗಿ ಹಾಳೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದಿದ್ದ. ಕಷಾಯ ಮಾಡಿ ಮನೆಯ ಆರು ಮಂದಿಯೂ ಖಾಲಿ ಹೊಟ್ಟೆಯಲ್ಲಿ ಕುಡಿದರು, ಮೇಲಿಂದ ಮೆಂತೆ ಗಂಜಿ ಉಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಐದೂವರೆಗೆ ಅಕ್ಕ ಬಾವಿಕಟ್ಟೆಯ ಬಳಿ ಬಿದ್ದರು. ಇಡೀ ದೇಹ ಸೆಟೆದು ಅದುರಿತು. ನೆರೆಮನೆಯವರು ಓಡಿಬಂದು ಕೈಗೆ ಬೀಗದ ಕೈ ತುರುಕಿದರು, ಹಲ್ಲಿನ ನಡುವೆ ಚಮಚ ಇಟ್ಟರು. ಮುಂದಿನ ಹಲ್ಲೊಂದರ ತುದಿ ಒಡೆದದ್ದು ಆ ಚಮಚದಿಂದ. ಒಂದು ಬದಿಗೆ ಹೊರಳಿಸಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಇನ್ನೊಮ್ಮೆ ಬಂತು, ನಡುವೆ ಪೂರ್ತಿ ಎಚ್ಚರವಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಲೋರಾಜೆಪಾಮ್ ಚುಚ್ಚಿದ ಮೇಲೆ ನಿಂತಿತು. ರಕ್ತದ ಸಕ್ಕರೆ, ಸೋಡಿಯಂ ಸರಿಯಿದ್ದವು. ಸಿಟಿ ಸ್ಕ್ಯಾನಿನಲ್ಲಿ ಹೊಸದೇನೂ ಇರಲಿಲ್ಲ. ಜ್ವರವಿಲ್ಲ. ಮಾತ್ರೆ ತಪ್ಪಿಸಿದ್ದಾರೆಯೇ ಎಂದು ನೋಡಲು ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಅಳೆದರು. 13 ಬಂತು. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕಾದದ್ದು. ಅಂದರೆ ಮಾತ್ರೆ ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ತೆಗೆದುಕೊಂಡರೂ ಫಿಟ್ಸ್ ಬಂದಿದೆ. ಹಾಗಾದರೆ?

"ನಾಟಿ ಔಷಧ ಏನಾದರೂ ಕೊಟ್ಟಿದ್ದೀರಾ" ಎಂದು ಕೇಳಿದರು. ಮಗ ತಲೆ ತಗ್ಗಿಸಿ ಕಷಾಯದ ಕಥೆ ಹೇಳಿದ. ಅಲ್ಲಿಗೆ ಎಲ್ಲರಿಗೂ ಒಂದು ಉತ್ತರ ಸಿಕ್ಕಿತು. ವೈದ್ಯರಿಗೆ ಅನುಮಾನಿಸಲು ಒಂದು ವಸ್ತು, ನೆರೆಮನೆಯವರಿಗೆ ತೊಗಟೆ ಕೆತ್ತುವಾಗ ಕಬ್ಬಿಣ ತಾಗಿರಬೇಕು ಎನ್ನುವ ವಾದ, ಮಗನಿಗೆ ಜೀವನಪರ್ಯಂತ ಸಾಕಾಗುವಷ್ಟು ಪಾಪಪ್ರಜ್ಞೆ. ಒಂದೇ ಪಾತ್ರೆಯಿಂದ ಕುಡಿದ ಉಳಿದ ಐವರಿಗೆ ಏನೂ ಆಗಿರಲಿಲ್ಲ. ಕೈ ನಡುಕ ಅಮಾವಾಸ್ಯೆಗೆ ಮೊದಲೇ ಶುರುವಾಗಿತ್ತು. ಆದರೆ ನಡುಕದ ಬಗ್ಗೆ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಗಾಜಿನ ಮೇಲೆ ಎರಡು ಸ್ಟ್ರಿಪ್

ಮಗ ಅದೇ ದಿನ ಹತ್ತೂವರೆಗೆ ಅಂಗಡಿಗೆ ಬಂದ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತಂದು ತೋರಿಸಲು ಹೇಳಿದ್ದರಂತೆ. ಮನೆಯ ಬಿಸ್ಕೆಟ್ ಡಬ್ಬವನ್ನೇ ಹಿಡಿದುಕೊಂಡು ಹೊರಟವನು ದಾರಿಯಲ್ಲಿ ನನ್ನ ಬಳಿ ನಿಂತ. "ಅಣ್ಣ, ಇದರಲ್ಲಿ ಈಗಿನದು ಯಾವುದು, ಹಳೆಯದು ಯಾವುದು? ಅಮ್ಮ ಯಾವುದನ್ನೂ ಬಿಸಾಡುವುದಿಲ್ಲ."

ಡಬ್ಬದಲ್ಲಿ ಗ್ಯಾಸಿನ ಮಾತ್ರೆ, ನೋವಿನ ಮುಲಾಮು, ಒಂದು ಮಲ್ಲಿಗೆ ದಾರದ ಉಂಡೆ, ಖಾಲಿ ಸ್ಟ್ರಿಪ್‌ಗಳ ಕಟ್ಟು. ನಾನು ಎರಡನ್ನು ಎತ್ತಿ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದರ ಬೆನ್ನಿನಲ್ಲಿ, ಪ್ರತಿ ಮಾತ್ರೆಯಲ್ಲಿ ಇರುವುದು ಎಂಬಲ್ಲಿ ಎರಡು ಸಾಲು. ಇನ್ನೊಂದರಲ್ಲಿ ಒಂದೇ ಸಾಲು. ಹಳೆಯದರ ಮೂಲೆಯಲ್ಲಿ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ ಎಂದಿತ್ತು, ಹೊಸದರಲ್ಲಿ ಬರೀ ಆರ್‌ಎಕ್ಸ್. ಮಾದಕ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವ ಔಷಧ ಒಳಗಿದೆ ಎನ್ನುವುದಕ್ಕೆ ಆ ಒಂದು ಅಕ್ಷರ ಹೆಚ್ಚು. ಫೀನೋಬಾರ್ಬಿಟೋನ್ ಆ ಪಟ್ಟಿಯಲ್ಲಿದೆ. ದಿನಕ್ಕೆ ನೂರಾರು ಸ್ಟ್ರಿಪ್ ಹರಿದುಕೊಡುವ ಕೈಗೆ ಅದು ಕಂಡಿರಲಿಲ್ಲ.

ಬಿಲ್ಲಿನ ಹಿಂಭಾಗದಲ್ಲಿ ಲೆಕ್ಕ ಹಾಕಿದೆ. ಫೀನೋಬಾರ್ಬಿಟೋನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 100 ಗಂಟೆ ಬೇಕು, ಅಂದರೆ ನಾಲ್ಕು ದಿನ. ದಿನಕ್ಕೆ 100 ಮಿಲಿಗ್ರಾಂ ತೆಗೆದುಕೊಳ್ಳುವ ಈ ತೂಕದವರ ರಕ್ತದಲ್ಲಿ ಸುಮಾರು 20 ಮೈಕ್ರೋಗ್ರಾಂ ಇರುತ್ತದೆ ಎಂದುಕೊಳ್ಳಿ. ನಾಲ್ಕನೆಯ ದಿನ 10. ಎಂಟನೆಯ ದಿನ 5. ಹನ್ನೆರಡನೆಯ ದಿನ ಎರಡೂವರೆ. ನಾಲ್ಕನೆಯ ದಿನ ತಲೆ ಹಗುರವಾಯಿತು, ಎಂಟನೆಯ ದಿನ ಗಂಜಿ ಚೆಲ್ಲಿತು, ಹನ್ನೊಂದನೆಯ ದಿನ ಬಾವಿಕಟ್ಟೆ. ಮಗ ಎದುರಿಗೇ ನಿಂತಿದ್ದ. ನನ್ನ ಬಾಯಿ ಒಣಗಿತ್ತು.

ಫೆನಿಟಾಯಿನ್ ಆಗಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ. ಅದು ಸುಮಾರು ಒಂದು ದಿನದಲ್ಲಿ ಅರ್ಧವಾಗುತ್ತದೆ. ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲೇ ತೊಂದರೆ ತಲೆಯೆತ್ತುತ್ತದೆ, ಮನೆಯವರಿಗೂ ಕೂಡಲೇ ಕಾರಣ ಹೊಳೆಯುತ್ತದೆ. ಫೀನೋಬಾರ್ಬಿಟೋನ್ ಹಾಗಲ್ಲ. ಹೋಗುವಾಗ ಸದ್ದು ಮಾಡದೆ ಹೋಗಿ, ಎಲ್ಲರೂ ಮರೆತ ಮೇಲೆ ಲೆಕ್ಕ ಕೇಳುತ್ತದೆ. ಆ ನಡುವೆ ಒಂದು ಅಮಾವಾಸ್ಯೆ ಬಂದರೆ ಅದರ ತಲೆಗೆ ಕಟ್ಟಲು ಸುಲಭ.

ಆಸ್ಪತ್ರೆಗೆ ಫೋನ್ ಮಾಡಿದೆ. ವಾರ್ಡಿನಲ್ಲಿದ್ದ ಕಿರಿಯ ವೈದ್ಯೆ ಸಿಕ್ಕರು. ನಾನು ಯಾರು, ಏನು ಕೊಟ್ಟೆ, ಯಾವಾಗ ಕೊಟ್ಟೆ ಎಂದು ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. "ಎರಡೂ ಸ್ಟ್ರಿಪ್‌ನ ಫೋಟೋ ಕಳುಹಿಸಿ. ನಾವು ಫೆನಿಟಾಯಿನ್ ಅನ್ನು 300ಕ್ಕೆ ಏರಿಸುವುದೆಂದು ಈಗಷ್ಟೇ ಬರೆದಿದ್ದೇವೆ" ಎಂದರು. ಏರಿಸಿದ್ದರೆ ಇನ್ನೊಂದು ಸುತ್ತು ಕಷ್ಟ ಕಾದಿತ್ತು. ಫೆನಿಟಾಯಿನನ್ನು ಕರಗಿಸುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ಸಮೀಪಿಸಿದ ಮೇಲೆ ಡೋಸನ್ನು ಅರ್ಧಪಾಲು ಹೆಚ್ಚಿಸಿದರೆ ರಕ್ತದ ಮಟ್ಟ ಅರ್ಧಪಾಲಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಜಿಗಿಯಬಹುದು. ಕಣ್ಣುಗುಡ್ಡೆ ಅದುರುವುದು, ಹೆಜ್ಜೆ ತೂರಾಡುವುದು ಆಗಿನ ಲಕ್ಷಣ. ತಲೆಯ ಮೇಲೆ ಬುಟ್ಟಿ ಹೊರುವವರಿಗೆ ಅದೊಂದು ಬಾಕಿಯಿತ್ತು.

ಜೋಡಿಯ ಇನ್ನೊಬ್ಬ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1864ರಲ್ಲಿ ಅಡಾಲ್ಫ್ ಫಾನ್ ಬೇಯರ್ ಬಾರ್ಬಿಟ್ಯೂರಿಕ್ ಆಮ್ಲವನ್ನು ತಯಾರಿಸಿದಾಗ ಅದಕ್ಕೆ ನಿದ್ದೆ ತರಿಸುವ ಗುಣವೇನೂ ಇರಲಿಲ್ಲ. 1903ರಲ್ಲಿ ಅದರಿಂದ ಹುಟ್ಟಿದ ಬಾರ್ಬಿಟಾಲ್ ನಿದ್ದೆಯ ಔಷಧವಾಗಿ ಬಳಕೆಗೆ ಬಂತು, 1912ರಲ್ಲಿ ಫೀನೋಬಾರ್ಬಿಟಾಲ್, ಅಂದರೆ ನಮ್ಮ ಫೀನೋಬಾರ್ಬಿಟೋನ್. ಅದನ್ನು ನಿದ್ದೆಗೆಂದು ಕೊಟ್ಟಾಗ ಅಪಸ್ಮಾರದ ರೋಗಿಗಳಿಗೆ ಫಿಟ್ಸ್ ಕಡಿಮೆಯಾದದ್ದನ್ನು ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ಜರ್ಮನ್ ವೈದ್ಯರು ಗಮನಿಸಿದರು. ಆಗ ಫಿಟ್ಸ್ ತಡೆಯಬೇಕಾದರೆ ಮಂಪರು ಬರಲೇಬೇಕು ಎಂದು ತಿಳಿದಿದ್ದ ಕಾಲ. 1938ರಲ್ಲಿ ಅಮೆರಿಕದ ವೈದ್ಯರಾದ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನಿನ ಫಲಿತಾಂಶ ಪ್ರಕಟಿಸಿ, ಮಂಪರಿಲ್ಲದೆಯೂ ಫಿಟ್ಸ್ ತಡೆಯಬಹುದು ಎಂದು ತೋರಿಸಿದರು. ಅಕ್ಕನ ಮಾತ್ರೆಯಲ್ಲಿ ಈ ಇಬ್ಬರೂ ಒಂದೇ ಗುಳಿಗೆಯೊಳಗೆ ಸಂಸಾರ ಮಾಡುತ್ತಿದ್ದರು. ನಾನು ಒಬ್ಬನನ್ನು ಹೊರಗೆ ಕಳುಹಿಸಿ, ಮನೆಯಲ್ಲಿ ಎಲ್ಲ ಮೊದಲಿನಂತೆಯೇ ಇದೆ ಎಂದು ಹೇಳಿದ್ದೆ.

ಬಾರ್ಬಿಟುರೇಟ್‌ಗಳು ಹೀಗೆ ಇನ್ನೊಂದು ಔಷಧದ ನೆರಳಲ್ಲಿ ಒಳಗೆ ಬರುವುದು ಹೊಸದೇನಲ್ಲ. ಉಬ್ಬಸದ ಹಳೆಯ ಮಾತ್ರೆಗಳಲ್ಲಿ ಥಿಯೋಫಿಲಿನ್, ಎಫಿಡ್ರಿನ್ ಜೊತೆ ಫೀನೋಬಾರ್ಬಿಟೋನ್ ಇರುತ್ತಿತ್ತು. ಎಫಿಡ್ರಿನ್ ಎದೆ ಡವಗುಟ್ಟಿಸಿ ಚಡಪಡಿಸುವಂತೆ ಮಾಡುತ್ತದೆ, ಅದನ್ನು ತಣಿಸಲು ಇದು. ಹೊಟ್ಟೆ ಹಿಡಿತಕ್ಕೆ ಬೆಲ್ಲಡೋನ ಜೊತೆ, ಅರೆತಲೆನೋವಿಗೆ ಎರ್ಗೋಟಮಿನ್ ಜೊತೆ. ಉಬ್ಬಸಕ್ಕೆಂದು ನುಂಗಿದವನು ತನಗೆ ಗೊತ್ತಿಲ್ಲದೆ ಶಾಮಕಕ್ಕೆ ಒಗ್ಗಿಹೋಗುತ್ತಿದ್ದ. ಫೀನೋಬಾರ್ಬಿಟೋನನ್ನು ಉಬ್ಬಸದ ಔಷಧಗಳೊಂದಿಗೆ, ಹೊಟ್ಟೆ ಹಿಡಿತಕ್ಕೆ ಕೊಡುವ ಹಯೊಸಿನ್‌ನೊಂದಿಗೆ, ಎರ್ಗೋಟಮಿನ್ ಮತ್ತು ಬೆಲ್ಲಡೋನದೊಂದಿಗೆ ಬೆರೆಸಿದ ಮಾತ್ರೆಗಳನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ನಿದ್ದೆಯ ಅಥವಾ ಶಾಮಕ ಔಷಧವನ್ನು ನೋವು-ಜ್ವರದ ಔಷಧದೊಂದಿಗೆ ಬೆರೆಸುವುದಕ್ಕೂ ಇಲ್ಲಿ ನಿಷೇಧವಿದೆ. ಅಮೆರಿಕದಲ್ಲಿ ಪ್ಯಾರಾಸಿಟಮಾಲ್, ಕೆಫೀನ್ ಜೊತೆ ಬ್ಯುಟಾಲ್ಬಿಟಾಲ್ ಎಂಬ ಬಾರ್ಬಿಟುರೇಟ್ ಸೇರಿಸಿದ ತಲೆನೋವಿನ ಮಾತ್ರೆ ಈಗಲೂ ಇದೆ. ಅದನ್ನು ಪದೇ ಪದೇ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಹುಟ್ಟಿಸುತ್ತದೆ. ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಂಥ ಬಾಟಲಿ ತಂದು "ಇದರಂಥದ್ದು ಕೊಡಿ" ಎಂದರೆ ನಾನು ಈಗ ಕನ್ನಡಕ ಹಾಕಿಕೊಂಡೇ ಓದುತ್ತೇನೆ.

ಒಗ್ಗುವುದು ಎಂದರೇನು ಎಂದು ಅಕ್ಕನ ಮಗನಿಗೆ ನಾನು ವಿವರಿಸಿದ್ದು ಹೀಗೆ. ಮಿದುಳಿನ ಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕವಿದೆ. ಅದು ಬಂದು ತಟ್ಟಿದಾಗ ಕೋಶದ ಒಂದು ಬಾಗಿಲು ತೆರೆಯುತ್ತದೆ. ಬಾರ್ಬಿಟುರೇಟ್ ಆ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು, ಬ್ರೇಕು ಹಿಡಿದುಕೊಂಡೇ ಇರುವ ಬಸ್ಸನ್ನು ಓಡಿಸಲು ಚಾಲಕ ಆಕ್ಸಿಲರೇಟರ್ ತುಳಿದಿಟ್ಟಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬ್ರೇಕು ಬಿಟ್ಟರೆ ಕಾಲು ಇನ್ನೂ ಆಕ್ಸಿಲರೇಟರಿನ ಮೇಲೇ ಇರುತ್ತದೆ. ಹುಡುಗ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳನ್ನು ನೋಡಿದವನು, ಹೆಚ್ಚು ಹೇಳಬೇಕಾಗಲಿಲ್ಲ. ಅಪಸ್ಮಾರವೇ ಇಲ್ಲದವರಿಗೂ ಹೆಚ್ಚಿನ ಪ್ರಮಾಣದ ಬಾರ್ಬಿಟುರೇಟನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅಕ್ಕನಿಗೆ ಮೂಲದಲ್ಲೇ ಆ ಕಾಯಿಲೆ.

ಹಾಗೆಂದು ಹೆಚ್ಚು ಕೊಡುವುದೂ ಅಪಾಯವೇ. ಡೋಸ್ ಮಿತಿಮೀರಿದರೆ ಗಾಬಾ ತಟ್ಟದಿದ್ದರೂ ಬಾರ್ಬಿಟುರೇಟ್ ಆ ಬಾಗಿಲನ್ನು ತಾನೇ ತೆರೆಯಬಲ್ಲದು. ಆಗ ಉಸಿರಾಟ ಕುಂದುತ್ತದೆ, ಪ್ರತಿಮದ್ದಿಲ್ಲ. 1960ರ ದಶಕದಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಬಂದ ಮೇಲೆ ನಿದ್ದೆಗೆ ಇವನ್ನು ಬರೆಯುವುದು ನಿಂತುಹೋದದ್ದು ಬಹುಪಾಲು ಇದೇ ಕಾರಣಕ್ಕೆ. ಆದ್ದರಿಂದ ಆಸ್ಪತ್ರೆಯಲ್ಲಿ, ಅದಾಗಲೇ ಲೋರಾಜೆಪಾಮ್ ಹೊಕ್ಕಿದ್ದ ದೇಹಕ್ಕೆ, ಫೀನೋಬಾರ್ಬಿಟೋನನ್ನು ನಿಧಾನವಾಗಿ, ಉಸಿರಾಟ ಗಮನಿಸುತ್ತಾ ರಕ್ತನಾಳದ ಮೂಲಕ ಕೊಟ್ಟರು. ಮೊದಲೇ ತೆಗೆದಿಟ್ಟಿದ್ದ ರಕ್ತದ ಮಾದರಿಯ ವರದಿ ಎರಡು ದಿನ ಬಿಟ್ಟು ಬಂತು: ಫೀನೋಬಾರ್ಬಿಟೋನ್ 4ಕ್ಕಿಂತ ಕಡಿಮೆ. ಮತ್ತೆ ಫಿಟ್ಸ್ ಬರಲಿಲ್ಲ. ನಡುಕ ಮರುದಿನವೇ ಇಳಿಯಿತು, ತೂಕಡಿಕೆ ಮರಳಿ ಬಂತು.

ಅದೇ ಪರೀಕ್ಷೆಗಳಲ್ಲಿ ಇನ್ನೊಂದು ಹೊರಬಿತ್ತು. ವಿಟಮಿನ್ ಡಿ ತೀರ ಕಡಿಮೆ, ಕ್ಯಾಲ್ಸಿಯಂ ಕೆಳಗೆ. ದಿನವೂ ಬಿಸಿಲಲ್ಲಿ ನಡೆಯುವ, ಊಟಕ್ಕೆ ಮೀನು ತಪ್ಪದ ಹೆಂಗಸಿಗೆ! ಸೊಂಟ, ಮೊಣಕಾಲು ನೋವೆಂದು ಅವರು ನನ್ನಿಂದ ಮುಲಾಮು ಒಯ್ಯುತ್ತಿದ್ದದ್ದು ಎಷ್ಟು ವರ್ಷಗಳಿಂದಲೋ. ಫೀನೋಬಾರ್ಬಿಟೋನ್, ಫೆನಿಟಾಯಿನ್ ಎರಡೂ ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ವಿಟಮಿನ್ ಡಿಯನ್ನು ಬೇಗ ಕರಗಿಸುತ್ತವೆ. ಗರ್ಭನಿರೋಧಕ ಮಾತ್ರೆಯ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಬಲವನ್ನೂ ಹೀಗೆಯೇ ಕುಗ್ಗಿಸಬಲ್ಲವು. ಮುಲಾಮು ಮಾರಿದ್ದು ನಾನೇ, ಮಾತ್ರೆ ಮಾರಿದ್ದೂ ನಾನೇ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆದು ಕೂಡಿಸಿದ್ದೇನೆ, ಅಂಕಿಗಳನ್ನು ಮಾತ್ರ.

ವಾರ್ಡಿನಲ್ಲಿ

ಅಕ್ಕ ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಸಂಜೆ ಅಂಗಡಿಯನ್ನು ಕೆಲಸದ ಹುಡುಗನಿಗೆ ಒಪ್ಪಿಸಿ ಅಲ್ಲಿಗೆ ಹೋದೆ. ಅಕ್ಕ ಎದ್ದು ಕೂತಿದ್ದರು, ಮೂಸಂಬಿ ಸುಲಿಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಕಷಾಯದ್ದು ತಪ್ಪಲ್ಲ, ನಿಮ್ಮ ಮಗನದ್ದಲ್ಲ, ನನ್ನದು ಎಂದೆ. ಸುಲಿಯುವ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

"ಅಣ್ಣ, ಬಂಗುಡೆ ಸಿಕ್ಕದ ದಿನ ನಾನು ನಿಮ್ಮ ಮನೆಗೆ ಬೂತಾಯಿ ಕೊಟ್ಟು ಬಂಗುಡೆ ಎಂದು ಹೇಳಿದ್ದು ಉಂಟಾ?"

"ಇಲ್ಲ."

"ಬೂತಾಯಿ ಉಂಟು, ಬೇಕಾದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ನಾಳೆ ಬರುತ್ತೇನೆ ಎಂದು ಹೇಳುತ್ತೇನೆ. ಅಲ್ಲವಾ?"

ಮೂಸಂಬಿಯ ಒಂದು ತೊಳೆ ನನಗೂ ಕೊಟ್ಟರು. ಬೈದಿದ್ದರೆ ತಿನ್ನುವುದು ಸುಲಭವಾಗುತ್ತಿತ್ತು.

ನರರೋಗ ತಜ್ಞರು ಬಿಡುಗಡೆಯ ವೇಳೆ ಎರಡು ದಾರಿ ಹೇಳಿದರು. ಹಳೆಯ ಜೋಡಿ ಮಾತ್ರೆಯನ್ನೇ ಮುಂದುವರಿಸಿ, ವಿಟಮಿನ್ ಡಿ, ಕ್ಯಾಲ್ಸಿಯಂ ಸೇರಿಸುವುದು ಒಂದು. ಮಂಪರಿಲ್ಲದ ಹೊಸ ಮಾತ್ರೆಯನ್ನು ಶುರುಮಾಡಿ, ಅದು ಹಿಡಿತಕ್ಕೆ ಬಂದ ಮೇಲೆ ಫೀನೋಬಾರ್ಬಿಟೋನನ್ನು ಹಲವು ತಿಂಗಳ ಕಾಲ ಚೂರು ಚೂರಾಗಿ ಇಳಿಸುವುದು ಇನ್ನೊಂದು. ಎರಡನೆಯದೇ ಆಗಬೇಕಾದದ್ದು ಎಂದು ನನಗೆ ಅನಿಸಿತು. ಆ ನಾಲ್ಕು ದಿನದ ಹಗುರವಾದ ತಲೆಯನ್ನು ಅವರು ಸರಿಯಾದ ದಾರಿಯಲ್ಲಿ ಪಡೆಯಬಹುದಿತ್ತು. ಅಕ್ಕ ಒಪ್ಪಲಿಲ್ಲ. ಆಗಸ್ಟಿನಲ್ಲಿ ದೋಣಿ ಇಳಿಯುತ್ತದೆ, ಸೀಸನ್ ಶುರುವಾಗುವಾಗ ಬಿದ್ದರೆ ಯಾರು ನೋಡುವುದು, ಮುಂದಿನ ಮಳೆಗಾಲಕ್ಕೆ ನೋಡುವಾ ಎಂದರು. ತಜ್ಞರು ಒತ್ತಾಯಿಸಲಿಲ್ಲ. ಹೊಸ ಚೀಟಿಯಲ್ಲಿ ಎರಡೂ ಔಷಧಗಳ ಹೆಸರನ್ನು ದೊಡ್ಡಕ್ಷರದಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಟ್ಟರು. ಜೋಡಿ ಮಾತ್ರೆ ಸಿಗದಿದ್ದರೆ ಎರಡನ್ನೂ ಬಿಡಿಯಾಗಿ, ಯಾವ ಡೋಸಿನಲ್ಲಿ ಕೊಡಬೇಕೆಂದು ಕೆಳಗೆ ಟಿಪ್ಪಣಿ ಹಾಕಿದರು. ನನಗೆ ಆ ದಿನ ಬೇಕಾಗಿದ್ದದ್ದು ಅದೊಂದು ಸಾಲು, ಅಥವಾ ಬರೆದವರಿಗೆ ಒಂದು ಫೋನ್ ಮಾಡುವ ವ್ಯವಧಾನ.

ಅಂಗಡಿಯಲ್ಲಿ ನಾನು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಫಿಟ್ಸ್ ಮಾತ್ರೆ ಒಯ್ಯುವ ಖಾಯಂ ಗಿರಾಕಿಗಳ ಹೆಸರು, ಮಾತ್ರೆ, ಮುಗಿಯುವ ದಿನ ಬರೆದ ಒಂದು ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಜೂನ್ ಶುರುವಾಗುವ ಮೊದಲೇ ಅವರ ಎರಡು ತಿಂಗಳ ಮಾತ್ರೆ ತರಿಸಿಡುತ್ತೇನೆ. ಹಣ ಆಗಸ್ಟಿನಲ್ಲಿ ಬಂದರೆ ಸಾಕು.

ಅಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಈಗಲೂ ಪ್ರತಿ ಸಲ ಸ್ಟ್ರಿಪ್ ಕೈಗೆ ಬಂದ ಕೂಡಲೇ ಬೆನ್ನು ತಿರುಗಿಸಿ, ಮೀನಿನ ವಾಸನೆಯ ಬೆರಳಿನ ಉಗುರನ್ನು ಆ ಸಣ್ಣ ಅಕ್ಷರಗಳ ಕೆಳಗೆ ಎಳೆಯುತ್ತಾರೆ. ಒಂದು. ಎರಡು. ಆಮೇಲೆಯೇ ಸೆರಗಿನ ಗಂಟು ಬಿಚ್ಚಿ ಹಣ ಎಣಿಸುತ್ತಾರೆ. ನಾನು 'ಮುಂದಿನವರು ಯಾರು?' ಎಂದು ಕೂಗದೆ, ಅವರ ಉಗುರು ಎರಡನೆಯ ಸಾಲು ದಾಟುವವರೆಗೆ ಕಾಯುತ್ತೇನೆ.